ಆಟದ ಪಟದಲ್ಲಿ ಅಡಗಿದ ಸಾಮ್ರಾಜ್ಯ

ಮಕ್ಕಳಿಗೆ ಆಟದ ಮೂಲಕವೇ ಪಾಠ ಕಲಿಸಬೇಕೆಂಬ ವಿಚಾರ ಹೊಸತಲ್ಲ. 18ನೆಯ ಶತಮಾನದ ಇಂಗ್ಲೆಂಡಿನಲ್ಲಿ ಭೂಗೋಳವನ್ನು ಕಲಿಸುವ ಪ್ರವಾಸದ ಪಟಗಳು ಅಚ್ಚಾಗತೊಡಗಿದುವು. ಭೂಪಟದ ಊರುಗಳಿಗೆ ಅನುಕ್ರಮವಾಗಿ ಅಂಕೆಗಳನ್ನು ಕೊಟ್ಟಿರುತ್ತಿದ್ದರು. ಆಟಗಾರರು ತಮ್ಮ ಕಾಯಿಗಳನ್ನು ಊರಿಂದೂರಿಗೆ ನಡೆಸಬೇಕು. ದಾಳವು ಜೂಜಿನ ಸಾಧನವೆಂಬ ಅಳುಕು ಸಂಭಾವಿತ ಗೃಹಸ್ಥರಲ್ಲಿ ಇದ್ದುದರಿಂದ, ಅಂಕೆ ಬರೆದ ಪುಟ್ಟ ಬುಗುರಿಯನ್ನು ತಿರುಗಿಸಿ, ಅದು ತೋರಿದಷ್ಟು ಮನೆ ಮುಂದೆ ಹೋಗುವುದು ವಾಡಿಕೆಯಾಗಿತ್ತು.

1759ರಲ್ಲಿ ಲಂಡನ್ನಿನ ಜಾನ್ ಜೆಫರೀಸ್ ಎಂಬವರು ಯೂರೋಪಿನ ಪ್ರವಾಸವನ್ನು ಕುರಿತು ಇಂತಹದೊಂದು ಪಟವನ್ನು ಹೊರತಂದರು. ಅದರ ನಿಯಮಗಳು ವಿಚಾರಾರ್ಹವಾಗಿವೆ. 28ನೆಯ ಮನೆಯಾದ ಹ್ಯಾನೋವರಿಗೆ ಬಂದವನು ದೊರೆಯ ಅಪ್ಪಣೆಯಂತೆ 54ನೆಯ ಜಿಬ್ರಾಲ್ಟರಿಗೆ ಹೋಗಿ, ಅಲ್ಲಿ ಕಾವಲಿರುವ ಸ್ವದೇಶದ ದಂಡನ್ನು ಕಾಣಬೇಕು. ಜಿಬ್ರಾಲ್ಟರು 1704ರಲ್ಲಿ ಸ್ಪೇನಿನಿಂದ ಗೆದ್ದುಕೊಂಡ ನೆಲ. ರೋಮಿನಲ್ಲಿ ಪೋಪರ ಪಾದಕ್ಕೆ ಮುತ್ತಿಟ್ಟವನಿಗಾದರೋ ಐಸ್‌ಲೆಂಡಿಗೆ ಗಡೀಪಾರು. ಮೂರು ಸರದಿಗಳೂ ನಷ್ಟ. ಗೆದ್ದ ಕೋಟೆಗೆ ಹೋದವನಿಗೆ 26 ಮನೆಗಳ ಲಾಭ, ಪರಮತದ ಗುರುವಿಗೆ ನಮಿಸಿದವನಿಗೆ ದಂಡನೆ! ಊರುಗಳ ಹೆಸರಿನೊಡನೆ ಈ ಭಾವನೆಯೂ ಮಗುವಿನ ಮನಸ್ಸಿನಲ್ಲಿ ನೆಲೆಸುತ್ತಿತ್ತು.

1850ರ ದಶಕದಲ್ಲಿ ಜಾನ್ ಬೆಟ್ಸ್ ಪ್ರಕಟಿಸಿದ ಪಟದಲ್ಲಿ ಪ್ರವಾಸವು ಬ್ರಿಟಿಷ್ ವಸಾಹತುಗಳ ಮತ್ತು ಪರದೇಶದ ಸೊತ್ತುಗಳ ಸುತ್ತ ಸಾಗುತ್ತದೆ. ‘ಸೊತ್ತು’ ಎಂಬ ಮಾತು ಪಟದ ಹೆಸರಿನಲ್ಲಿಯೇ ಇದೆ. ಕೋಟ್ಯಂತರ ಜನರು ಬಾಳುವ ನಾಡು ಮತ್ತೊಬ್ಬರ ಸೊತ್ತಾದುದು ಹೇಗೆ, ಅಲ್ಲಿಯ ಜನರು ಇದಕ್ಕೆ ಒಪ್ಪಿದ್ದರೇ ಎಂಬ ಪ್ರಶ್ನೆ ಕಾಯಿ ನಡೆಸುವ ಬಾಲಕನಿಗೆ ಏಳುವುದಿಲ್ಲ. ಆಟದ ನಿಯಮವನ್ನು ಯಾರೂ ಪ್ರಶ್ನಿಸುವುದಿಲ್ಲವಷ್ಟೆ! ಪಾಠಕ್ಕಿಂತಲೂ ಆಟದ ಪ್ರಭಾವ ಹೆಚ್ಚಾಗುವುದು ಈ ಕಾರಣದಿಂದಲೇ.

ನಮ್ಮ ಪರಮಪದ ಸೋಪಾನದ ಪಟವೂ ತನ್ನ ಕಾಲದ ನಂಬಿಕೆಗಳನ್ನು ಹೊತ್ತದ್ದೇ. ಅಲ್ಲಿ ಸದ್ಗುಣಗಳು ಏಣಿಗಳು, ದುರ್ಗುಣಗಳು ಹಾವುಗಳು. 19ನೆಯ ಶತಮಾನದ ಕೊನೆಯಲ್ಲಿ ಈ ಆಟ ಇಂಗ್ಲೆಂಡಿಗೆ ಹೋದಾಗ, ಮೋಕ್ಷದ ವಿಚಾರ ಅಳಿದು, ಆ ನಾಡಿನ ನೀತಿಗಳು ಅದರ ಮನೆಗಳನ್ನು ಸೇರಿದುವು. ಪಟ ತಯಾರಿಸಿದವರ ಮನಸ್ಸು ಪಟದಲ್ಲಿ ಮೂಡದಿರುವುದಿಲ್ಲ.

ಆದುದರಿಂದ ಹಳೆಯ ಆಟಗಳನ್ನು ದೂಷಿಸಿ ಎಸೆಯಬೇಕಾಗಿಲ್ಲ. ಅವು ಚರಿತ್ರೆಯ ಸಾಕ್ಷಿಗಳು. ಆದರೆ ಯಾವುದೇ ಪಟವನ್ನು ಬಿಡಿಸಿದಾಗ ವಿದ್ಯಾರ್ಥಿಗಳು ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಮೂರು: ಪ್ರಯಾಣ ಯಾರ ಊರಿನಿಂದ ಹೊರಡುತ್ತದೆ? ಯಾವುದಕ್ಕೆ ಬಹುಮಾನ, ಯಾವುದಕ್ಕೆ ಶಿಕ್ಷೆ? ದಾರಿಯಲ್ಲಿ ಸಿಕ್ಕ ಜನರಿಗೆ ಆಟದಲ್ಲಿ ಸ್ಥಾನವುಂಟೆ, ಅಥವಾ ಅವರು ಬರಿಯ ಚಿತ್ರವೆ? ತಾಯ್ತಂದೆಗಳು ಮಕ್ಕಳೊಡನೆ ಕುಳಿತು ಈ ಪ್ರಶ್ನೆಗಳನ್ನು ಎತ್ತಿದರೆ, ಆಟದ ಸೊಗಸೂ ಕೆಡುವುದಿಲ್ಲ, ವಿವೇಕವೂ ಬೆಳೆಯುತ್ತದೆ.