ಜೀವ ಕಾಯುವ ಕಾಯಕ: ವಾಹನ ಬರುವ ಮುನ್ನ ನಮ್ಮ ಕರ್ತವ್ಯ

ಆರೋಗ್ಯದ ಈ ಪುಟಗಳಲ್ಲಿ ನಾವು ಸಾಮಾನ್ಯವಾಗಿ ಆಹಾರ, ವ್ಯಾಯಾಮ, ಮಧುಮೇಹ, ರಕ್ತದೊತ್ತಡ ಮುಂತಾದ ವಿಷಯಗಳನ್ನು ಕುರಿತು ಚಿಂತಿಸುತ್ತೇವೆ. ಅವೆಲ್ಲ ದಿನನಿತ್ಯದ ಶಿಸ್ತಿನಿಂದ ಕಾಪಾಡಿಕೊಳ್ಳುವ ಆರೋಗ್ಯದ ಮಾತು. ಆದರೆ ಯಾವ ಶಿಸ್ತಿಗೂ ನಿಲುಕದ ಗಳಿಗೆಗಳು ಪ್ರತಿಯೊಬ್ಬರ ಬಾಳಿನಲ್ಲಿಯೂ ಬರುತ್ತವೆ. ಕಣದ ಬಣವೆಗೆ ಬೆಂಕಿ ತಗುಲಿದಾಗ, ಗದ್ದೆಯ ಬದುವಿನ ಮೇಲೆ ಹಾವು ಕಚ್ಚಿದಾಗ, ನಡುರಾತ್ರಿಯಲ್ಲಿ ಮನೆಯ ಹಿರಿಯರು ಎದೆ ಹಿಡಿದುಕೊಂಡು ಕುಸಿದಾಗ ನಮ್ಮ ಬಾಗಿಲಿಗೆ ಮೊದಲು ಬರುವವರು ವೈದ್ಯರಲ್ಲ. ಅಗ್ನಿಶಾಮಕ ದಳದವರು ಮತ್ತು ಆಂಬ್ಯುಲೆನ್ಸಿನ ಸಿಬ್ಬಂದಿ. ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ ಸೀಮೆಯಲ್ಲಿ ಅವರ ಕಾಯಕ ಎಂತಹುದು, ಆ ಕಾಯಕ ಫಲಿಸಲು ನಾವು ಮಾಡಬೇಕಾದುದೇನು ಎಂಬುದನ್ನು ಸದ್ಭಕ್ತರ ಮುಂದಿಡುವುದು ಈ ಲೇಖನದ ಉದ್ದೇಶ.

ಕಾಡು, ಹೊಳೆ ಮತ್ತು ದಾರಿಯ ದೂರ

ಉತ್ತರ ಕನ್ನಡ ಜಿಲ್ಲೆಯ ಘಟ್ಟದ ಮೇಲಿನ ಈ ನಾಲ್ಕು ತಾಲ್ಲೂಕುಗಳಿಗೆ ಒಂದೊಂದಕ್ಕೂ ಒಂದೊಂದು ಸ್ವಭಾವವಿದೆ. ಹಳಿಯಾಳವು ಭತ್ತ, ಕಬ್ಬು, ಗೋವಿನಜೋಳ, ಹತ್ತಿ ಬೆಳೆಯುವ ಒಕ್ಕಲುತನದ ನಾಡು. ಹಿಂದೆ ಹಳಿಯಾಳಕ್ಕೇ ಸೇರಿದ್ದು ಇತ್ತೀಚೆಗೆ ಪ್ರತ್ಯೇಕ ತಾಲ್ಲೂಕಾದ ದಾಂಡೇಲಿಯು ಕಾಳಿ ನದಿಯ ದಂಡೆಯ ಕೈಗಾರಿಕಾ ಪಟ್ಟಣ. 1955ರಲ್ಲಿ ಸ್ಥಾಪನೆಗೊಂಡ ಕಾಗದದ ಕಾರ್ಖಾನೆ ಅಲ್ಲಿಯ ಬದುಕಿನ ಆಧಾರ. ಸೂಪಾ ಅಣೆಕಟ್ಟಿನ ಹಿನ್ನೀರಿನಲ್ಲಿ ಹಳೆಯ ಸೂಪಾ ಊರು ಮುಳುಗಿದ ಮೇಲೆ ತಾಲ್ಲೂಕಿನ ಕೇಂದ್ರವಾದ ಜೋಯಿಡಾದಲ್ಲಿ ಕಾಡೇ ಹೆಚ್ಚು, ಜನವಸತಿ ವಿರಳ. ಮುಂಡಗೋಡದಲ್ಲಿ ಕೆರೆ, ಗದ್ದೆ, ಕಾಡಂಚಿನ ಹಳ್ಳಿಗಳೊಡನೆ 1960ರ ದಶಕದಲ್ಲಿ ನೆಲೆಗೊಂಡ ಟಿಬೆಟನ್ ಜನರ ವಸತಿಯೂ ಇದೆ.

ವಿಪತ್ತುಗಳೂ ಈ ನೆಲಕ್ಕೆ ತಕ್ಕಂತೆ ಇವೆ. ಸುಗ್ಗಿ ಮುಗಿದು ಬಿಸಿಲೇರಿದಂತೆ ಹುಲ್ಲಿನ ಬಣವೆಗಳು, ಕಬ್ಬಿನ ಗದ್ದೆಗಳು, ಕಾಡಿನ ತರಗೆಲೆಗಳು ಒಂದು ಕಿಡಿಗಾಗಿ ಕಾಯುತ್ತಿರುತ್ತವೆ. ಮೇವು ಹೇರಿದ ಟ್ರ್ಯಾಕ್ಟರು ಜೋತುಬಿದ್ದ ವಿದ್ಯುತ್ ತಂತಿಗೆ ತಗುಲಿ ಹೊತ್ತಿಕೊಳ್ಳುವುದು ನಮ್ಮ ಕಡೆ ಪ್ರತಿ ವರ್ಷ ಕೇಳುವ ಸುದ್ದಿ. ಮಳೆಗಾಲದಲ್ಲಿ ಹೊಳೆಯ ಸೆಳವು, ಮರ ಉರುಳಿದ ರಸ್ತೆ, ಹಾವಿನ ಭಯ. ಎತ್ತು ಬಾವಿಗೆ ಬಿದ್ದರೂ, ಈಜಲು ಹೋದ ಯುವಕರು ಕಾಳಿಯ ಮಡುವಿನಲ್ಲಿ ಸಿಲುಕಿದರೂ ಕರೆ ಹೋಗುವುದು ಅಗ್ನಿಶಾಮಕ ಠಾಣೆಗೇ.

ಇದರ ಮೇಲೆ ದಾರಿಯ ದೂರ. ಪ್ರಥಮೋಪಚಾರಕ್ಕೆ ತಾಲ್ಲೂಕು ಆಸ್ಪತ್ರೆಗಳಿದ್ದರೂ ತಲೆಗೆ ಪೆಟ್ಟು ಬಿದ್ದವರನ್ನು, ತೀವ್ರವಾಗಿ ಸುಟ್ಟವರನ್ನು ಹುಬ್ಬಳ್ಳಿ, ಧಾರವಾಡ, ಬೆಳಗಾವಿ ಅಥವಾ ಕಾರವಾರಕ್ಕೆ ಒಯ್ಯಬೇಕಾಗುತ್ತದೆ. ಜೋಯಿಡಾದ ಕೆಲವು ಮಜರೆಗಳಿಂದ ರೋಗಿಯನ್ನು ಕಂಬಳಿಯ ಜೋಲಿಯಲ್ಲಿ ಹೊತ್ತು ಡಾಂಬರು ರಸ್ತೆ ಮುಟ್ಟಿಸಿದ ಮೇಲೆಯೇ ವಾಹನದ ಮಾತು. ಎಷ್ಟೋ ಕಡೆ ಮೊಬೈಲಿಗೆ ಸಂಕೇತ ಸಿಗಬೇಕಾದರೆ ದಿಬ್ಬ ಹತ್ತಬೇಕು. 2022ರ ಜುಲೈ ತಿಂಗಳಲ್ಲಿ ನಮ್ಮ ಜಿಲ್ಲೆಯ ಹೊನ್ನಾವರದಿಂದ ಕುಂದಾಪುರಕ್ಕೆ ರೋಗಿಯನ್ನು ಒಯ್ಯುತ್ತಿದ್ದ ಆಂಬ್ಯುಲೆನ್ಸ್ ಶಿರೂರಿನ ಟೋಲ್‌ಗೇಟಿನ ಬಳಿ ಮಳೆಯ ರಸ್ತೆಯಲ್ಲಿ ಉರುಳಿ ನಾಲ್ವರು ಅಸುನೀಗಿದುದನ್ನು ನಾವು ಮರೆತಿಲ್ಲ. ದೂರವೆಂಬುದು ಈ ಜಿಲ್ಲೆಯಲ್ಲಿ ತಾನೇ ಒಂದು ವ್ಯಾಧಿಯಾಗಿದೆ.

ಎರಡು ಸೇವೆ, ಒಂದೇ ಧರ್ಮ

ಪಾಶ್ಚಾತ್ಯ ದೇಶಗಳ ಅನೇಕ ಊರುಗಳಲ್ಲಿ ಬೆಂಕಿ ಆರಿಸುವವನೂ ತುರ್ತು ಚಿಕಿತ್ಸೆ ನೀಡುವವನೂ ಒಬ್ಬನೇ ಆಗಿರುತ್ತಾನೆ. ನಮ್ಮಲ್ಲಿ ಇವು ಬೇರೆ ಬೇರೆ ಸೇವೆಗಳು. ಅಗ್ನಿಶಾಮಕ ದಳವು 1964ರ ಕಾಯ್ದೆಯ ಅಡಿಯಲ್ಲಿ ರೂಪುಗೊಂಡದ್ದು. ಈಗ ಅದರ ಹೆಸರು ಅಗ್ನಿಶಾಮಕ ಮತ್ತು ತುರ್ತು ಸೇವೆಗಳ ಇಲಾಖೆ. ಕರೆಯ ಸಂಖ್ಯೆ 101. ಇಂದು 112ಕ್ಕೆ ಕರೆ ಮಾಡಿದರೂ ಆಗುತ್ತದೆ. ಪ್ರತಿ ವರ್ಷ ಏಪ್ರಿಲ್ 14ರಂದು ಈ ದಳದವರು ಹುತಾತ್ಮರನ್ನು ಸ್ಮರಿಸುತ್ತಾರೆ. 1944ರ ಆ ದಿನ ಮುಂಬಯಿ ಬಂದರಿನಲ್ಲಿ ಹತ್ತಿ ಮತ್ತು ಸಿಡಿಮದ್ದು ತುಂಬಿದ್ದ ಹಡಗಿಗೆ ಬೆಂಕಿ ಬಿದ್ದಿತು. ಆರಿಸಲು ಹೋದವರು ಹಡಗು ಸಿಡಿದಾಗಲೂ ಸ್ಥಳ ಬಿಟ್ಟಿರಲಿಲ್ಲ. ಅವರಲ್ಲಿ 66 ಮಂದಿ ಪ್ರಾಣ ತೆತ್ತರು.

ಎರಡನೆಯದು 108ರ ಆರೋಗ್ಯ ಕವಚ. 2008ರ ನವೆಂಬರ್ 1ರ ರಾಜ್ಯೋತ್ಸವದ ದಿನ ಆರಂಭವಾದ ಈ ಸೇವೆ ಸಂಪೂರ್ಣ ಉಚಿತ. ವಾಹನದಲ್ಲಿ ಪೈಲಟ್ ಎಂದು ಕರೆಯಲಾಗುವ ಚಾಲಕರೂ, ಇ.ಎಂ.ಟಿ. ಎಂದು ಕರೆಯಲಾಗುವ ತುರ್ತು ಚಿಕಿತ್ಸಾ ಸಿಬ್ಬಂದಿಯೂ ಇರುತ್ತಾರೆ. ಆಮ್ಲಜನಕ ಕೊಡುವುದು, ಮುರಿದ ಮೂಳೆಗೆ ಆಸರೆ ಕಟ್ಟುವುದು, ರಕ್ತಸ್ರಾವ ತಡೆಯುವುದು, ದಾರಿಯಲ್ಲಿಯೇ ಹೆರಿಗೆ ಮಾಡಿಸುವುದು ಅವರ ನಿತ್ಯದ ಕೆಲಸ.

ದೊಡ್ಡ ನಗರದಲ್ಲಿ ಈ ಕೆಲಸ ಮಾಡುವವರಿಗೆ ರೋಗಿ ಅಪರಿಚಿತ. ನಮ್ಮ ಸೀಮೆಯಲ್ಲಿ ಹಾಗಲ್ಲ. ಇಲ್ಲಿ ಸ್ಟ್ರೆಚರಿನ ಮೇಲಿರುವವರು ನಿನ್ನೆ ಸಂತೆಯಲ್ಲಿ ಮಾತನಾಡಿಸಿದವರು, ಜಾತ್ರೆಯಲ್ಲಿ ಜೊತೆಗೆ ಪ್ರಸಾದ ಸ್ವೀಕರಿಸಿದವರು, ಶಾಲೆಯಲ್ಲಿ ಕಲಿಸಿದ ಗುರುಗಳು. ಬದುಕಿಸಿದಾಗ ಊರೆಲ್ಲ ಕೊಂಡಾಡುತ್ತದೆ. ಬದುಕಿಸಲಾಗದೆ ಹೋದರೆ ಅದೇ ಓಣಿಯಲ್ಲಿ ಮರುದಿನ ತಲೆ ತಗ್ಗಿಸಿ ನಡೆಯಬೇಕಾಗುತ್ತದೆ.

ನಾವು ಮಾಡಿದ ತಪ್ಪು

ಕೆಲವು ವರ್ಷಗಳ ಹಿಂದೆ ಹಳಿಯಾಳ ಸೀಮೆಯ ಒಂದು ಹಳ್ಳಿಯಲ್ಲಿ ಭತ್ತದ ಕೊಯ್ಲಿನ ದಿನಗಳಲ್ಲಿ ನಡೆದ ಸಂಗತಿಯನ್ನು ಇಲ್ಲಿ ಹೇಳಲೇಬೇಕು. ಸಂಜೆ ಸಿವುಡು ಎತ್ತುತ್ತಿದ್ದ ಯುವಕನ ಪಾದಕ್ಕೆ ಕೊಳಕುಮಂಡಲ ಕಚ್ಚಿತು. ಅಲ್ಲಿದ್ದವರು ನಾವು ಎಂಟು ಹತ್ತು ಜನ. ಮೊಣಕಾಲಿನ ಕೆಳಗೆ ಹಗ್ಗದಿಂದ ಬಿಗಿದು ಕಟ್ಟಿದೆವು. ಒಬ್ಬರು ಗಿಡಮೂಲಿಕೆ ತರಲು ಓಡಿದರು, ಅರ್ಧ ಜನ ಬಡಿಗೆ ಹಿಡಿದು ಹಾವನ್ನು ಹುಡುಕಿದರು. 108ಕ್ಕೆ ಕರೆ ಮಾಡಬೇಕೆಂಬುದು ನಮಗೆ ಹೊಳೆದಾಗ ಒಂದು ಗಂಟೆ ಮೀರಿತ್ತು.

ಬಂದ ಇ.ಎಂ.ಟಿ. ನೆರೆಯ ಊರಿನ ಹುಡುಗ, ಕಚ್ಚಿಸಿಕೊಂಡವನ ಸಹಪಾಠಿ. ಕಾಲು ನೀಲಿಗಟ್ಟಿದ್ದನ್ನು ನೋಡಿ ಅವನ ಮುಖ ಬಾಡಿತು. ಹಗ್ಗ ಬಿಚ್ಚಲು ಹೋದ ನಮ್ಮನ್ನು ತಡೆದು, ಅದನ್ನು ವೈದ್ಯರ ಎದುರಿನಲ್ಲಿಯೇ ಸಡಿಲಿಸಬೇಕು, ಒಮ್ಮೆಲೇ ಬಿಚ್ಚಿದರೆ ವಿಷ ಮೈಗೆಲ್ಲ ಏರುತ್ತದೆ ಎಂದು ತಿಳಿಸಿದ. ಬಾಗಿಲು ಮುಚ್ಚುವ ಮುನ್ನ ಹೇಳಿದ ಮಾತು ಇಷ್ಟೇ: "ಮೊದಲ ನಮಗ ಫೋನ್ ಮಾಡಬೇಕಿತ್ತ್ರಿ ಅಣ್ಣಾರ. ಔಷಧ ದವಾಖಾನ್ಯಾಗ ಐತ್ರಿ." ಜೀವ ಉಳಿಯಿತು, ಪಾದದ ಎರಡು ಬೆರಳು ಉಳಿಯಲಿಲ್ಲ. ಆ ಬೆರಳುಗಳನ್ನು ಕಳೆದದ್ದು ಹಾವಿನ ವಿಷವೋ ನಮ್ಮ ಹಗ್ಗವೋ ಎಂಬ ಪ್ರಶ್ನೆ ಇಂದಿಗೂ ನಮ್ಮನ್ನು ಬಿಟ್ಟಿಲ್ಲ.

ವಾಹನ ಬರುವವರೆಗೆ

ಎಷ್ಟೇ ದಕ್ಷ ಸಿಬ್ಬಂದಿಯಾದರೂ ಅವರು ರಸ್ತೆಯ ಉದ್ದವನ್ನು ಕಡಿಮೆ ಮಾಡಲಾರರು. ಅವರು ಬರುವವರೆಗಿನ ಗಳಿಗೆಗಳು ನಮ್ಮವು. ಆ ಅವಧಿಯಲ್ಲಿ ನಾವು ಮಾಡಿದ್ದೇ ಅವರ ಶ್ರಮವನ್ನು ಸಾರ್ಥಕಗೊಳಿಸುತ್ತದೆ, ಇಲ್ಲವೇ ವ್ಯರ್ಥಗೊಳಿಸುತ್ತದೆ.

ಮೊದಲನೆಯದು ಕರೆ. ಗ್ರಾಮದ ಹೆಸರು, ಸಮೀಪದ ಗುಡಿ ಅಥವಾ ಶಾಲೆ, ಯಾವ ರಸ್ತೆಯಿಂದ ಒಳಗೆ ಬರಬೇಕು, ಎಷ್ಟು ಜನರಿಗೆ ಏನಾಗಿದೆ ಎಂಬುದನ್ನು ಸಾವಧಾನವಾಗಿ ಹೇಳಬೇಕು. ಅತ್ತ ಕಡೆಯವರು ಸಾಕೆನ್ನುವವರೆಗೆ ಫೋನ್ ಇಡಬಾರದು. ಒಬ್ಬರನ್ನು ಬ್ಯಾಟರಿಯೊಂದಿಗೆ ಮುಖ್ಯರಸ್ತೆಯ ಕೂಡಿಗೆ ಕಳುಹಿಸಬೇಕು.

ಹಾವು ಕಚ್ಚಿದರೆ ಬಿಗಿದು ಕಟ್ಟುವುದು, ಕೊಯ್ಯುವುದು, ಬಾಯಿಯಿಂದ ಹೀರುವುದು ಕೂಡದು. ಉಂಗುರ, ಕಾಲುಂಗುರ, ಗೆಜ್ಜೆ, ಬಳೆಗಳನ್ನು ತೆಗೆದು, ಕಚ್ಚಿದ ಅಂಗಕ್ಕೆ ಕೋಲಿನ ಆಸರೆ ಕೊಟ್ಟು ಅಲುಗದಂತೆ ಇರಿಸಬೇಕು. ನಡೆಯಲು ಬಿಡದೆ ಎತ್ತಿಕೊಂಡೇ ಒಯ್ಯಬೇಕು. ಕಚ್ಚಿದ ವೇಳೆಯನ್ನು ನೆನಪಿಟ್ಟುಕೊಳ್ಳಬೇಕು. ಹಾವಿನ ಬೆನ್ನು ಹತ್ತಬಾರದು. 2024ರಲ್ಲಿ ಕರ್ನಾಟಕ ಸರ್ಕಾರವು ಹಾವು ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿದೆ ಎಂಬುದರಿಂದಲೇ ಇದರ ಗಾಂಭೀರ್ಯ ತಿಳಿಯುತ್ತದೆ.

ಸುಟ್ಟ ಗಾಯವನ್ನು ಹರಿಯುವ ತಣ್ಣೀರಿನಡಿಯಲ್ಲಿ 20 ನಿಮಿಷ ಹಿಡಿಯಬೇಕು. ಮಸಿ, ಟೂತ್‌ಪೇಸ್ಟ್, ಬೆಣ್ಣೆ, ಅರಿಸಿನ ಯಾವುದನ್ನೂ ಹಚ್ಚಬಾರದು. ಮೈಗೆ ಅಂಟಿದ ಬಟ್ಟೆಯನ್ನು ಕೀಳಬಾರದು. ಉಟ್ಟ ಬಟ್ಟೆಗೆ ಬೆಂಕಿ ಹತ್ತಿದವರು ಓಡಿದರೆ ಗಾಳಿಗೆ ಉರಿ ಹೆಚ್ಚುತ್ತದೆ. ಅವರನ್ನು ನೆಲಕ್ಕೆ ಮಲಗಿಸಿ ಉರುಳಿಸಬೇಕು, ದಪ್ಪ ಕಂಬಳಿ ಹೊದಿಸಬೇಕು. ಅಡುಗೆ ಅನಿಲವು ಗಾಳಿಗಿಂತ ಭಾರವಾದುದರಿಂದ ಸೋರಿದಾಗ ನೆಲಮಟ್ಟದಲ್ಲಿಯೇ ನಿಲ್ಲುತ್ತದೆ. ವಿದ್ಯುತ್ ಗುಂಡಿಗಳನ್ನು ಮುಟ್ಟದೆ, ರೆಗ್ಯುಲೇಟರ್ ಬಂದ್ ಮಾಡಿ, ಬಾಗಿಲು ಕಿಟಕಿ ತೆರೆದು ಹೊರಗೆ ಬಂದು 1906ಕ್ಕೆ ಕರೆ ಮಾಡಬೇಕು.

ಕುಸಿದು ಬಿದ್ದವರಿಗೆ ಎಚ್ಚರವೂ ಇಲ್ಲ, ಸಹಜ ಉಸಿರೂ ಇಲ್ಲ ಎಂದಾದರೆ ಹೃದಯ ನಿಂತಿದೆ ಎಂದೇ ಭಾವಿಸಬೇಕು. ರಕ್ತ ಪೂರೈಕೆ ನಿಂತ ನಾಲ್ಕೈದು ನಿಮಿಷಗಳಲ್ಲಿ ಮೆದುಳಿಗೆ ಹಾನಿ ಆರಂಭವಾಗುತ್ತದೆ; ಅಷ್ಟರಲ್ಲಿ ಯಾವ ಆಂಬ್ಯುಲೆನ್ಸೂ ಹಳ್ಳಿಯನ್ನು ಮುಟ್ಟಲಾರದು. ಗಟ್ಟಿ ನೆಲದ ಮೇಲೆ ಅಂಗಾತ ಮಲಗಿಸಿ, ಎದೆಯ ನಡುವೆ ಎರಡೂ ಅಂಗೈಗಳನ್ನು ಒಂದರ ಮೇಲೊಂದಿರಿಸಿ, ನಿಮಿಷಕ್ಕೆ 100ರಿಂದ 120 ಸಲ, ಎದೆ ಸುಮಾರು 5 ಸೆಂಟಿಮೀಟರ್ ತಗ್ಗುವಂತೆ ಒತ್ತುತ್ತಿರಬೇಕು. ಕೈ ಸೋತರೆ ಮತ್ತೊಬ್ಬರು ಮುಂದುವರಿಸಬೇಕು. ಸಿಬ್ಬಂದಿ ಬರುವವರೆಗೆ ನಿಲ್ಲಿಸಬಾರದು.

ಇನ್ನೊಂದು ಎಚ್ಚರಿಕೆ. ಹಾಳುಬಾವಿಗೋ ಗೋಬರ್ ಗ್ಯಾಸಿನ ಗುಂಡಿಗೋ ಬಿದ್ದವರನ್ನು ಎತ್ತಲು ಒಬ್ಬರ ಹಿಂದೊಬ್ಬರು ಇಳಿದು ಎಲ್ಲರೂ ವಿಷಗಾಳಿಗೆ ಬಲಿಯಾದ ದುರಂತಗಳು ನಡೆದಿವೆ. ವಿದ್ಯುತ್ ತಂತಿ ತಗುಲಿದವರನ್ನು ಬರಿಗೈಯಿಂದ ಹಿಡಿದವರ ಗತಿಯೂ ಅದೇ. ಹೆಸ್ಕಾಂನ 1912ಕ್ಕೆ ತಿಳಿಸಿ ವಿದ್ಯುತ್ ಕಡಿತವಾದುದು ಖಚಿತವಾದ ಮೇಲೆಯೇ ಹತ್ತಿರ ಹೋಗಬೇಕು. ಕರುಣೆಯೊಂದಿಗೆ ವಿವೇಕವೂ ಇರಬೇಕು.

ಅಪಘಾತದಲ್ಲಿ ನೆರವಾದರೆ ಪೊಲೀಸು, ನ್ಯಾಯಾಲಯ ಎಂದು ಅಲೆಯಬೇಕಾದೀತೆಂಬ ಅಂಜಿಕೆ ಬೇಡ. 2016ರ ಸರ್ವೋಚ್ಚ ನ್ಯಾಯಾಲಯದ ತೀರ್ಪೂ 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯೂ ನೆರವಾದವರಿಗೆ ರಕ್ಷಣೆ ನೀಡಿವೆ. ಆಂಬ್ಯುಲೆನ್ಸಿಗೂ ಅಗ್ನಿಶಾಮಕ ವಾಹನಕ್ಕೂ ದಾರಿ ಬಿಡದವರಿಗೆ ಅದೇ ಕಾಯ್ದೆ 10,000 ರೂಪಾಯಿವರೆಗೆ ದಂಡ ವಿಧಿಸುತ್ತದೆ.

ಕಾಯುವವರನ್ನು ಕಾಯುವವರಾರು?

ಪರರ ಜೀವ ಉಳಿಸುವವರ ಆರೋಗ್ಯದ ಬಗ್ಗೆ ನಾವು ಯೋಚಿಸುವುದು ಕಡಿಮೆ. ಬೆಂಕಿಯ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್ ರಕ್ತದಲ್ಲಿ ಆಮ್ಲಜನಕದ ಸ್ಥಾನವನ್ನು ಆಕ್ರಮಿಸುತ್ತದೆ. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು ಅಗ್ನಿಶಾಮಕ ವೃತ್ತಿಯನ್ನೇ ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿತು. ಭಾರವಾದ ಉಡುಪು, ಉರಿಯ ಝಳ, ನಿದ್ರೆಯಿಂದ ಎದ್ದು ಓಡುವ ಧಾವಂತ ಇವು ಹೃದಯಕ್ಕೆ ಹೊರೆ. ಸ್ಟ್ರೆಚರ್ ಹೊತ್ತು ಕಾಲುದಾರಿಯಲ್ಲಿ ನಡೆಯುವ ಆಂಬ್ಯುಲೆನ್ಸ್ ಸಿಬ್ಬಂದಿಗೆ ಬೆನ್ನುನೋವು ಬೆಂಬಿಡದ ಸಂಗಾತಿ.

ಮನಸ್ಸಿನ ಗಾಯ ಇದಕ್ಕಿಂತ ಆಳವಾದುದು. ಮುಳುಗಿದ ಮಗುವನ್ನು ಮೇಲೆತ್ತಿದ ಕೈಗಳು ಸಂಜೆ ಮನೆಯಲ್ಲಿ ತಮ್ಮ ಮಗುವಿಗೆ ಉಣಿಸಬೇಕು. ನಿದ್ರೆ ಬಾರದಿರುವುದು, ಕಂಡ ದೃಶ್ಯ ಮತ್ತೆ ಮತ್ತೆ ಕಣ್ಣೆದುರು ಬರುವುದು, ವಿನಾಕಾರಣ ಸಿಡುಕು, ಮದ್ಯದತ್ತ ವಾಲುವುದು ಇವು ದೌರ್ಬಲ್ಯವಲ್ಲ, ಚಿಕಿತ್ಸೆಯಿಂದ ಗುಣವಾಗುವ ಲಕ್ಷಣಗಳು. ಟೆಲಿ ಮಾನಸ್ ಎಂಬ ಉಚಿತ ಸಹಾಯವಾಣಿ 14416ಕ್ಕೆ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ಮನೆಯವರು ಅವರ ಮೌನವನ್ನು ಸೊಕ್ಕೆಂದು ತಿಳಿಯದೆ ಹತ್ತಿರ ಕುಳಿತು ಕೇಳಿಸಿಕೊಳ್ಳಬೇಕು. ತಡವಾಯಿತೆಂದು ಸಿಬ್ಬಂದಿಯ ಮೇಲೆ ಕೈ ಮಾಡುವುದಂತೂ ಮಹಾಪರಾಧ. ತಡವಾದದ್ದು ದಾರಿಯಿಂದ, ಅವರ ಮನಸ್ಸಿನಿಂದಲ್ಲ.

ಭಕ್ತರಲ್ಲಿ ವಿನಂತಿ

ಕಾಯಕ, ದಾಸೋಹಗಳನ್ನು ಬಾಳಿನ ಉಸಿರೆಂದು ನಂಬಿದ ಪರಂಪರೆ ನಮ್ಮದು. ಜಾತ್ರೆ, ಮಹಾದಾಸೋಹಗಳಲ್ಲಿ ಸಾವಿರಾರು ಜನರಿಗೆ ಅಡುಗೆ ನಡೆಯುವ ಸ್ಥಳದಲ್ಲಿ ಸಿಲಿಂಡರುಗಳು ಒಲೆಗಳಿಂದ ದೂರವಿರಲಿ. ಮರಳು, ನೀರು, ಬೆಂಕಿ ನಂದಿಸುವ ಸಾಧನ ಕೈಗೆಟುಕುವಂತಿರಲಿ. ರಥಬೀದಿಯಲ್ಲಿ ಒಂದು ವಾಹನ ಸಾಗುವಷ್ಟು ದಾರಿಯನ್ನು ಅಂಗಡಿ ಮುಂಗಟ್ಟುಗಳಿಂದ ಮುಕ್ತವಾಗಿಡೋಣ. ಬಣವೆಗಳನ್ನು ಮನೆಯಿಂದಲೂ ವಿದ್ಯುತ್ ತಂತಿಯಿಂದಲೂ ದೂರ ಒಟ್ಟೋಣ. ಅಗ್ನಿಶಾಮಕ ವಾಹನದ ನೀರು ಕೆಲವೇ ನಿಮಿಷಗಳಲ್ಲಿ ಬರಿದಾಗುತ್ತದೆ. ಆಗ ಸಮೀಪದ ಕೃಷಿಹೊಂಡ, ಕೆರೆ, ಕೊಳವೆಬಾವಿ ಎಲ್ಲಿವೆ ಎಂದು ತೋರಿಸುವವರು ನಾವಾಗಬೇಕು. ಸಮೀಪದ ಠಾಣೆಯವರನ್ನೂ ಆಸ್ಪತ್ರೆಯವರನ್ನೂ ಊರಿಗೆ ಬರಮಾಡಿಕೊಂಡು, ಪ್ರತಿ ಓಣಿಯ ಇಬ್ಬರಾದರೂ ಪ್ರಥಮ ಚಿಕಿತ್ಸೆ ಕಲಿಯುವಂತೆ ಮಾಡೋಣ.

ಆ ಕೊಯ್ಲಿನ ಸಂಜೆ ನಮ್ಮಲ್ಲಿ ಒಬ್ಬರಿಗಾದರೂ ಇಷ್ಟು ತಿಳಿದಿದ್ದರೆ ಆ ಯುವಕ ಇಂದು ಕುಂಟದೆ ಗದ್ದೆಗೆ ಇಳಿಯುತ್ತಿದ್ದನೇನೋ. ಕತ್ತಲಲ್ಲಿ ದೂರದ ರಸ್ತೆಯಿಂದ ನಮ್ಮತ್ತ ಧಾವಿಸುತ್ತಿರುವವರ ಶ್ರಮ ವ್ಯರ್ಥವಾಗದಂತೆ ನೋಡಿಕೊಳ್ಳುವುದೂ ಒಂದು ದಾಸೋಹವೇ. ಅದಕ್ಕೆ ಧನ ಬೇಕಿಲ್ಲ. ತಿಳಿವು, ಧೈರ್ಯ ಮತ್ತು ಎರಡು ಕೈಗಳು ಸಾಕು.