ಕೆಲಸದಲ್ಲಿ ಬೇಸರ: ಬರೀ ಬೇಸರವೇ, ಚಿಕಿತ್ಸೆ ಬೇಕಾದ ತೊಂದರೆಯೇ?

ಬೆಳಿಗ್ಗೆ ಡೊಂಬಿವಲಿಯಿಂದ ಕಿಕ್ಕಿರಿದ ಲೋಕಲ್, ಆಫೀಸಿನಲ್ಲಿ ಸಂಜೆಯವರೆಗೆ ಅದೇ ಬಿಲ್ಲುಗಳ ಲೆಕ್ಕ, ಮತ್ತೆ ಅದೇ ನೂಕುನುಗ್ಗಲು. ಮುಂಬಯಿಯಲ್ಲಿ ಅನೇಕರ ದಿನ ಹೀಗೇ ಕಳೆಯುತ್ತದೆ. ಕೆಲಸ ಕಷ್ಟದ್ದಲ್ಲ, ಸಂಬಳವೂ ಬರುತ್ತದೆ, ಆದರೆ ಮನಸ್ಸು ಅದರಲ್ಲಿಲ್ಲ. ಬಿಡೋಣವೆಂದರೆ ಮನೆ ಬಾಡಿಗೆ, ಮಕ್ಕಳ ಫೀಸು, ಊರಿಗೆ ಕಳಿಸಬೇಕಾದ ಹಣ. ಕೆಲಸ ಬಿಡಲಾಗದವರು ಏನು ಮಾಡಬಹುದು?

ಬೇಸರ ಏಕೆ ಬರುತ್ತದೆ?

ಒಂದೇ ಕೆಲಸವನ್ನು ನೂರಾರು ಸಲ ಮಾಡಿದ ಮೇಲೆ ಅದು ಅಭ್ಯಾಸವಾಗುತ್ತದೆ. ಗಮನ ಕೊಡಬೇಕಾದ ಅಗತ್ಯ ಕಡಿಮೆಯಾಗುತ್ತದೆ. ಕೆಲಸದ ಕ್ರಮದಲ್ಲಿ ನಮ್ಮ ಆಯ್ಕೆ ಏನೂ ಇಲ್ಲದಿದ್ದರೆ, ಅದರಿಂದ ಯಾರಿಗೆ ಉಪಯೋಗವಾಯಿತು ಎಂಬುದೂ ಕಾಣದಿದ್ದರೆ ಬೇಸರ ಹೆಚ್ಚುತ್ತದೆ. ಇದು ಸೋಮಾರಿತನವಲ್ಲ, ಕಾಯಿಲೆಯೂ ಅಲ್ಲ.

ಬೇಸರ, ಬಳಲಿಕೆ, ಖಿನ್ನತೆ: ವ್ಯತ್ಯಾಸವೇನು?

ಒಂದು ಸರಳ ಪ್ರಶ್ನೆ ಕೇಳಿಕೊಳ್ಳಿ: ನಿಮ್ಮ ಭಾನುವಾರ ಹೇಗಿರುತ್ತದೆ?

• ಭಾನುವಾರ ನಗು, ಊಟ, ಹರಟೆ ಎಲ್ಲವೂ ಹಿತವೆನಿಸಿ ಸೋಮವಾರ ಮಾತ್ರ ಭಾರವಾದರೆ, ಅದು ಬಹುಮಟ್ಟಿಗೆ ಕೆಲಸದ ಬೇಸರ.

• ಕೆಲಸದ ಒತ್ತಡ ಬಹಳ ಕಾಲ ಮುಂದುವರಿದು ಶಕ್ತಿ ಬತ್ತಿದಂತಾಗುವುದು, ಕೆಲಸದ ಬಗ್ಗೆ ತಾತ್ಸಾರ ಹುಟ್ಟುವುದು, 'ನನ್ನಿಂದ ಏನೂ ಆಗುತ್ತಿಲ್ಲ' ಎನಿಸುವುದು ಬರ್ನ್‌ಔಟ್ ಲಕ್ಷಣಗಳು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಇದನ್ನು ಉದ್ಯೋಗಕ್ಕೆ ಸಂಬಂಧಿಸಿದ ಸ್ಥಿತಿ ಎಂದು ವಿವರಿಸಿತು. ರೋಗಗಳ ಸಾಲಿಗೆ ಸೇರಿಸಲಿಲ್ಲ.

• ಭಾನುವಾರವೂ ಏನೂ ಬೇಡವೆನಿಸಿದರೆ, ಇಷ್ಟದ ತಿಂಡಿ, ಮಕ್ಕಳ ಮಾತು ಕೂಡ ಖುಷಿ ಕೊಡದಿದ್ದರೆ, ನಿದ್ದೆ ಮತ್ತು ಹಸಿವು ಏರುಪೇರಾಗಿ ಈ ಸ್ಥಿತಿ ಎರಡು ವಾರ ಮೀರಿದರೆ ಅದು ಖಿನ್ನತೆ ಇರಬಹುದು. ಇದಕ್ಕೆ ಚಿಕಿತ್ಸೆ ಇದೆ.

ರಕ್ತಹೀನತೆ, ಥೈರಾಯ್ಡ್ ತೊಂದರೆ, ಬಿ12 ಕೊರತೆ, ನಿದ್ರಾಹೀನತೆಗಳೂ ಉತ್ಸಾಹ ಕುಂದಿಸುತ್ತವೆ. ಆದ್ದರಿಂದ ಒಮ್ಮೆ ವೈದ್ಯರನ್ನು ಕಂಡು, ಅವರು ಹೇಳಿದ ರಕ್ತ ಪರೀಕ್ಷೆ ಮಾಡಿಸುವುದು ಒಳ್ಳೆಯದು.

ಕೆಲಸ ಬದಲಿಸದೆ ಏನು ಬದಲಿಸಬಹುದು?

ಏಮಿ ರೆಸ್ನೆಸ್ಕಿ ಮತ್ತು ಜೇನ್ ಡಟನ್ ಎಂಬ ಅಮೆರಿಕದ ಸಂಶೋಧಕಿಯರು 2001ರಲ್ಲಿ ಆಸ್ಪತ್ರೆಯ ಸ್ವಚ್ಛತಾ ಸಿಬ್ಬಂದಿಯ ಉದಾಹರಣೆ ಕೊಟ್ಟು ಬರೆದಿದ್ದರು. ಎಲ್ಲರದೂ ಒಂದೇ ಕೆಲಸ. ಆದರೆ ಕೆಲವರು ರೋಗಿಗಳೊಡನೆ ಎರಡು ಮಾತಾಡುತ್ತಿದ್ದರು, ತಾವೂ ರೋಗಿ ಗುಣವಾಗಲು ನೆರವಾಗುತ್ತಿದ್ದೇವೆ ಎಂದು ಭಾವಿಸುತ್ತಿದ್ದರು. ಅವರಿಗೆ ಆ ಕೆಲಸದಲ್ಲಿ ಹೆಚ್ಚು ಅರ್ಥ ಕಾಣುತ್ತಿತ್ತು. ನೀವೂ ಹೀಗೆ ಪ್ರಯತ್ನಿಸಬಹುದು:

• ಬೇಸರದ ಕೆಲಸವನ್ನು ಸಣ್ಣ ಭಾಗಗಳಾಗಿ ಮಾಡಿ. ಒಂದೊಂದು ಮುಗಿದಾಗಲೂ ಎದ್ದು ಓಡಾಡಿ.
• ನಿಮ್ಮ ಕೆಲಸದಿಂದ ಯಾರಿಗೆ ಅನುಕೂಲವಾಗುತ್ತದೆ ಎಂದು ತಿಳಿದುಕೊಳ್ಳಿ.
• ಹೊಸಬರಿಗೆ ಕೆಲಸ ಕಲಿಸುವ ಅವಕಾಶ ಕೇಳಿ.
• ಮಧ್ಯಾಹ್ನದ ಡಬ್ಬಿಯನ್ನು ಒಬ್ಬರೇ ಮೊಬೈಲ್ ನೋಡುತ್ತ ತಿನ್ನದೆ ಜೊತೆಯವರೊಡನೆ ತಿನ್ನಿ.

ಸಂಬಳ ತೀರಾ ಕಡಿಮೆಯಿದ್ದರೆ, ಅವಮಾನ ಅಥವಾ ಕಿರುಕುಳವಿದ್ದರೆ ಮನಸ್ಸನ್ನು ಹೊಂದಿಸಿಕೊಳ್ಳುವುದು ಪರಿಹಾರವಲ್ಲ. ಅಲ್ಲಿ ಬದಲಾಗಬೇಕಾದದ್ದು ಕೆಲಸದ ಸ್ಥಳ.

ಕೆಲಸದ ಹೊರಗೂ ಬದುಕಿದೆ

ಈ ಮಾತು ಮುಂಬಯಿ ಕನ್ನಡಿಗರಿಗೆ ಹೊಸದಲ್ಲ. ದಕ್ಷಿಣ ಕನ್ನಡ, ಉಡುಪಿ ಕಡೆಯಿಂದ ಬಂದ ಎಷ್ಟೋ ಹುಡುಗರು ಹಗಲು ಹೋಟೆಲಿನಲ್ಲಿ ಲೋಟ ತೊಳೆದು, ಟೇಬಲ್ ಒರೆಸಿ, ಸಂಜೆ ಕೋಟೆ ಪ್ರದೇಶದ ಕನ್ನಡ ರಾತ್ರಿ ಶಾಲೆಗಳಲ್ಲಿ ಓದಿದರು. ಲೋಟ ತೊಳೆಯುವ ಕೆಲಸ ರೋಚಕವಾಗಲಿಲ್ಲ. ಆದರೆ ದಿನ ಅಲ್ಲಿಗೇ ಮುಗಿಯುತ್ತಿರಲಿಲ್ಲ. 1926ರಲ್ಲಿ ಶುರುವಾದ, ಮಾಟುಂಗಾದ ಮೈಸೂರು ಅಸೋಸಿಯೇಷನ್‌ನಂಥ ಸಂಸ್ಥೆಗಳು ನಾಟಕ, ಸಂಗೀತ, ಸಾಹಿತ್ಯಕ್ಕೆ ಜಾಗ ಕೊಟ್ಟವು. ಯಕ್ಷಗಾನ, ಭಜನೆ, ಹೊಲಿಗೆ, ಓದು, ಯಾವುದಾದರೂ ಆಗಬಹುದು. ವಾರಕ್ಕೆ ಒಂದು ಗಂಟೆ ನಿಮ್ಮದಾಗಿರಲಿ.

ಚಿಕಿತ್ಸೆಯಲ್ಲಿರುವವರಿಗೆ

ಖಿನ್ನತೆಯಿಂದ ಚೇತರಿಸಿಕೊಳ್ಳುತ್ತ ಕೆಲಸಕ್ಕೆ ಮರಳಿದವರಿಗೆ ಏಕತಾನದ ಕೆಲಸವೂ ಒಂದು ಆಸರೆ. ಹೊತ್ತಿಗೆ ಏಳುವುದು, ಊಟ, ಜನರ ಮುಖ ನೋಡುವುದು ದಿನಕ್ಕೊಂದು ಕ್ರಮ ಕೊಡುತ್ತವೆ. ಉತ್ಸಾಹ ಬರಲಿ, ಆಮೇಲೆ ಶುರು ಮಾಡೋಣ ಎಂದು ಕಾಯಬೇಡಿ. ಅನೇಕ ಸಲ ಚಿಕ್ಕ ಕೆಲಸ ಶುರುಮಾಡಿದ ಮೇಲೆಯೇ ಉತ್ಸಾಹ ಬರುತ್ತದೆ. ಕೆಲಸ ಬಿಡುವ ದೊಡ್ಡ ನಿರ್ಧಾರವನ್ನು ಮನಸ್ಸು ತೀರಾ ಕುಗ್ಗಿರುವಾಗ ಮಾಡಬೇಡಿ. ವೈದ್ಯರನ್ನು ಕೇಳದೆ ಮಾತ್ರೆ ನಿಲ್ಲಿಸಬೇಡಿ.

ಮನೆಯವರು ಏನು ಮಾಡಬೇಕು?

'ಎಲ್ಲರೂ ಮಾಡುತ್ತಿಲ್ಲವೇ, ನಿನಗೇನು ಕಷ್ಟ?' ಎನ್ನುವುದರಿಂದ ಅವರು ಮಾತಾಡುವುದನ್ನೇ ನಿಲ್ಲಿಸಬಹುದು. 'ಇವತ್ತು ಹೇಗಿತ್ತು?' ಎಂದು ಕೇಳಿ, ಸಲಹೆ ಕೊಡುವ ಮೊದಲು ಪೂರ್ತಿ ಕೇಳಿಸಿಕೊಳ್ಳಿ. ಮನೆಗೆ ಬಂದ ಕೂಡಲೇ ಖರ್ಚಿನ ವಿಷಯ ತೆಗೆಯದೆ ಅರ್ಧ ಗಂಟೆ ಬಿಡಿ.

ಸಹಾಯ ಎಲ್ಲಿ ಸಿಗುತ್ತದೆ?

ಕುಡಿತ ಹೆಚ್ಚಾದರೆ, ಕೆಲಸಕ್ಕೆ ಹೋಗಲು ಆಗುತ್ತಲೇ ಇಲ್ಲವಾದರೆ ತಡಮಾಡದೆ ವೈದ್ಯರನ್ನು ಕಾಣಿ. ಪರೇಲಿನ ಕೆಇಎಂ, ಸಯನ್, ನಾಯರ್ ಮೊದಲಾದ ಪಾಲಿಕೆ ಆಸ್ಪತ್ರೆಗಳಲ್ಲಿ ಮನೋವೈದ್ಯಕೀಯ ವಿಭಾಗವಿದೆ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ದಿನದ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿಯೂ ಮಾತಾಡಬಹುದು. ಸಾಯುವ ಯೋಚನೆ ಬಂದರೆ ಆ ಕ್ಷಣವೇ ಕರೆ ಮಾಡಿ, ಮನೆಯವರಿಗೂ ತಿಳಿಸಿ. ಅಂಥವರನ್ನು ಒಂಟಿಯಾಗಿ ಬಿಡಬೇಡಿ.