ಟೈಗರ್ ಮರಳುವ ಮುನ್ನ

2022ರ ಆರಂಭದಲ್ಲಿ ಬೆಂಗಳೂರಿನ ಎರಡು ವಿಡಿಯೊಗಳು ಮೊಬೈಲಿನಿಂದ ಮೊಬೈಲಿಗೆ ಹರಿದಾಡಿದವು. ಒಂದರಲ್ಲಿ ಟೋಯಿಂಗ್ ಕೆಲಸದಲ್ಲಿದ್ದ ಎಎಸ್‌ಐ ಒಬ್ಬರು ಅಂಗವಿಕಲ ಮಹಿಳೆಯನ್ನು ಒದೆಯುತ್ತಿದ್ದರು. ಆಕೆ ತಮ್ಮ ಮೇಲೆ ಕಲ್ಲು ಎಸೆದಿದ್ದರೆಂಬುದು ಪೊಲೀಸರ ಕಡೆಯ ಮಾತು. ಇನ್ನೊಂದರಲ್ಲಿ ಡೆಲಿವರಿ ಹುಡುಗನೊಬ್ಬ ತನ್ನ ಬೈಕನ್ನು ಹೇರಿಕೊಂಡು ಹೊರಟ, ಜನ ‘ಟೈಗರ್’ ಎನ್ನುವ ಟೋಯಿಂಗ್ ಗಾಡಿಯ ಹಿಂದೆ ಗೋಗರೆಯುತ್ತಾ ಓಡುತ್ತಿದ್ದ. ಎಎಸ್‌ಐ ಅಮಾನತಾದರು. ಫೆಬ್ರುವರಿ ಹೊತ್ತಿಗೆ ಸರ್ಕಾರ ಟೋಯಿಂಗನ್ನೇ ನಿಲ್ಲಿಸಿತು. ಚರ್ಚೆಯೆಲ್ಲ ಸಿಬ್ಬಂದಿಯ ನಡತೆಯ ಸುತ್ತಲೇ ನಡೆಯಿತು; ಹಾಗೆ ನಡೆದುಕೊಳ್ಳುವಂತೆ ಮಾಡುವ ದುಡ್ಡಿನ ಲೆಕ್ಕ ಬದಿಗೆ ಸರಿಯಿತು.

ಟೋಯಿಂಗ್ ಮತ್ತೆ ಶುರುವಾಗಲಿದೆ ಎಂದು 2025ರಲ್ಲಿ ಗೃಹ ಸಚಿವ ಜಿ. ಪರಮೇಶ್ವರ ಹೇಳಿದರು. ಬೇಕಾದ ಕೆಲಸವೇ, ಬೇಡ ಎನ್ನುವವನು ನಾನಲ್ಲ. ನೋಂದಾಯಿತ ವಾಹನಗಳ ಸಂಖ್ಯೆ ಒಂದು ಕೋಟಿ ದಾಟಿದ ಊರಿನಲ್ಲಿ ಜಂಕ್ಷನ್ ಬಾಯಿಗೆ ಕಾರು ನಿಲ್ಲಿಸಿ ತಿಂಡಿಗೆ ಹೋದವರನ್ನು ಸಹಿಸಿಕೊಂಡಿರಲು ಆಗದು. ನನ್ನ ಭಯ ಇರುವುದು ಹಣ ಪಾವತಿಯ ವಿಧಾನದಲ್ಲಿ.

ಹಿಂದಿನ ವ್ಯವಸ್ಥೆಯಲ್ಲಿ ಗಾಡಿಯೂ ಹುಡುಗರೂ ಖಾಸಗಿಯವರಿಗೆ ಸೇರಿದವರು, ಜೊತೆಗೆ ಕೂರುವ ಎಎಸ್‌ಐ ಇಲಾಖೆಯವರು. ನೋ ಪಾರ್ಕಿಂಗ್ ದಂಡ 1,000 ರೂಪಾಯಿ ಸರ್ಕಾರಕ್ಕೆ. ಅದರ ಮೇಲೆ ಟೋಯಿಂಗ್ ಶುಲ್ಕ, ದ್ವಿಚಕ್ರಕ್ಕೆ 650, ಕಾರಿಗೆ 1,000. ಅದು ಗುತ್ತಿಗೆದಾರರ ಆದಾಯ. ಈಗ ಗುತ್ತಿಗೆದಾರನ ಜಾಗದಲ್ಲಿ ಕೂತು ಯೋಚಿಸಿ. ಡೀಸೆಲ್, ಕೂಲಿ, ಗಾಡಿಯ ಕಂತು ದಿನವೂ ಅಷ್ಟೇ. ಎಂಟು ಸ್ಕೂಟರ್ ಹೇರಿದರೆ ಒಂದೇ ಸುತ್ತಿಗೆ 5,200 ರೂಪಾಯಿ. ಅಷ್ಟೇ ಹೊತ್ತಿನಲ್ಲಿ ಒಂದು ಕಾರು ಎತ್ತಿದರೆ ಸಾವಿರ. ಫ್ಲೈಓವರ್ ಮೇಲೆ ಆಕ್ಸಲ್ ಮುರಿದು ನಿಂತ ಲಾರಿಯನ್ನು ಸರಿಸಲು ಹೋದರಂತೂ ಅರ್ಧ ದಿನವೇ ಹೋಯಿತು. ಅಂದರೆ ಸಂಚಾರಕ್ಕೆ ಹೆಚ್ಚು ಅಡ್ಡಿಯಾಗುವ ವಾಹನದಿಂದ ಬರುವ ಲಾಭ ಕಡಿಮೆ. ಯಾರಿಗೂ ತೊಂದರೆ ಕೊಡದೆ ಅಡ್ಡರಸ್ತೆಯ ಅಂಚಿನಲ್ಲಿ ನಿಂತ ಸ್ಕೂಟರಿನಿಂದ ಹೆಚ್ಚು. ಜೊತೆಗೆ, ಮಾಲೀಕ ಓಡಿಬಂದಾಗ ಗಾಡಿ ಇಳಿಸಿಕೊಟ್ಟರೆ ಆ ಶುಲ್ಕ ಕೈತಪ್ಪುತ್ತದೆ. ಡೆಲಿವರಿ ಹುಡುಗ ಅಷ್ಟು ದೂರ ಓಡಬೇಕಾಗಿ ಬಂದದ್ದು ಸಿಬ್ಬಂದಿಯ ಕ್ರೌರ್ಯದಿಂದ ಮಾತ್ರ ಎಂದು ನನಗನ್ನಿಸುವುದಿಲ್ಲ.

ಕಾನೂನು ಈ ಅಧಿಕಾರವನ್ನು ಕಾವಲಿಲ್ಲದೆ ಕೊಟ್ಟಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 127ನೇ ಕಲಮಿನ ಪ್ರಕಾರ, ನಿಷೇಧಿತ ಜಾಗದಲ್ಲಿ ನಿಂತ ವಾಹನವನ್ನು ತೆಗೆಸಲು ಆ ವ್ಯಾಪ್ತಿಯ ಸಮವಸ್ತ್ರಧಾರಿ ಪೊಲೀಸ್ ಅಧಿಕಾರಿ ಅನುಮತಿ ಕೊಡಬೇಕು. ಖಾಸಗಿ ಸಂಸ್ಥೆ ವಾಹನ ತೆಗೆದರೂ ಆ ವೆಚ್ಚವನ್ನು ಮಾಲೀಕನಿಂದಲೇ ವಸೂಲು ಮಾಡಬಹುದೆಂದು 2019ರ ತಿದ್ದುಪಡಿ 201ನೇ ಕಲಮಿನಲ್ಲಿ ಸೇರಿಸಿತು. ಆ ಖಾಸಗಿಯವರಿಗೆ ಯಾವ ಲೆಕ್ಕದಲ್ಲಿ ಹಣ ಕೊಡಬೇಕು ಎಂಬುದು ಮಾತ್ರ ಗುತ್ತಿಗೆಯ ಷರತ್ತುಗಳಲ್ಲಿ ತೀರ್ಮಾನವಾಗುವ ವಿಷಯ. ಊರೂರಿನ ಅನುಭವ ನೋಡಿದರೆ, ಕೊಳೆಯುವುದು ಅಲ್ಲೇ.

ಡೆಟ್ರಾಯಿಟ್ ನಗರದಲ್ಲಿ ಪೊಲೀಸ್ ಉಪಮುಖ್ಯಸ್ಥೆಯಾಗಿದ್ದ ಸೀಲಿಯಾ ವಾಷಿಂಗ್ಟನ್, ಟೋಯಿಂಗ್ ಉದ್ಯಮಿಯಿಂದ 3,000 ಡಾಲರ್ ಲಂಚ ಪಡೆದದ್ದನ್ನು 2018ರಲ್ಲಿ ಕೋರ್ಟಿನಲ್ಲಿ ಒಪ್ಪಿಕೊಂಡರು. ಅದೇ ಧಂದೆಗೆ ಸಂಬಂಧಿಸಿದ ಲಂಚದಲ್ಲಿ ಅಲ್ಲಿನ ನಗರಸಭಾ ಸದಸ್ಯ ಆಂಡ್ರೆ ಸ್ಪೈವಿ 2022ರಲ್ಲಿ ಎರಡು ವರ್ಷದ ಜೈಲು ಶಿಕ್ಷೆಗೆ ಗುರಿಯಾದರು. ಇಲಿನಾಯ್ ರಾಜ್ಯದ ನಾರ್ತ್‌ಲೇಕ್ ಎಂಬ ಸಣ್ಣ ಊರಿನ ಕಥೆ ಇನ್ನೂ ಹಳೆಯದು. ಮೇಯರ್ ಚುನಾವಣೆಗೆ ದೇಣಿಗೆ ಕೊಡಲೊಪ್ಪದ ಕಾರಣಕ್ಕೆ ಪೊಲೀಸರ ಸರದಿ ಪಟ್ಟಿಯಿಂದ ತನ್ನನ್ನು ಕೈಬಿಟ್ಟರೆಂದು ಟೋಯಿಂಗ್ ಕಂಪನಿಯೊಂದು ಕೋರ್ಟಿಗೆ ಹೋಯಿತು. ಹಾಗೆ ಮಾಡುವಂತಿಲ್ಲ ಎಂದು 1996ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟೇ ಹೇಳಬೇಕಾಯಿತು.

ಕೆನಡಾದ ಟೊರಾಂಟೊ ಸುತ್ತಮುತ್ತ ಇದು ಬೀದಿ ಕಾಳಗಕ್ಕೇ ಇಳಿಯಿತು. ಅಪಘಾತದ ಜಾಗಕ್ಕೆ ಮೊದಲು ತಲುಪಿದ ಟ್ರಕ್ಕಿಗೆ ಗಾಡಿ, ಅಲ್ಲಿಂದ ಗ್ಯಾರೇಜ್ ಕಮಿಷನ್, ವಿಮೆಯ ಸುಳ್ಳು ಬಿಲ್ಲು. ಎದುರಾಳಿಗಳ ಟ್ರಕ್ಕುಗಳಿಗೆ ಬೆಂಕಿ ಬಿದ್ದಿತು, ಕೊಲೆಗಳ ಆರೋಪವೂ ಬಂತು. 2020ರ ಮೇ ತಿಂಗಳಲ್ಲಿ ಯಾರ್ಕ್ ಪ್ರಾದೇಶಿಕ ಪೊಲೀಸರು ‘ಪ್ರಾಜೆಕ್ಟ್ ಪ್ಲಾಟಿನಂ’ ಹೆಸರಿನಲ್ಲಿ ಹಲವರನ್ನು ಬಂಧಿಸಿದರು. ಒಂಟಾರಿಯೊ ಪ್ರಾಂತ್ಯ 2021ರಲ್ಲಿ ಪ್ರತ್ಯೇಕ ಕಾಯ್ದೆ ಮಾಡಿತು. 2024ರ ಜನವರಿ 1ರಿಂದ ಪ್ರಾಂತ್ಯದ ಪ್ರಮಾಣಪತ್ರವಿಲ್ಲದೆ ಯಾವ ಕಂಪನಿಯೂ ಅಲ್ಲಿ ಗಾಡಿ ಎಳೆಯುವಂತಿಲ್ಲ. ದರಪಟ್ಟಿಯನ್ನು ಮೊದಲೇ ಸಲ್ಲಿಸಬೇಕು, ಮಾಲೀಕನಿಗೆ ವಿವರವಾದ ಬಿಲ್ಲು ಕೊಡಬೇಕು. ಇಷ್ಟು ಸರಳ ನಿಯಮ ಬರುವುದಕ್ಕೆ ಮೊದಲು ಅಷ್ಟೆಲ್ಲ ಆಗಬೇಕಾಯಿತು.

ನಮ್ಮಲ್ಲಿ ಇನ್ನೊಂದು ಹೊಸ ಅಪಾಯವೂ ಸೇರಿಕೊಂಡಿದೆ. ಟೋಯಿಂಗ್ ನಿಂತ ಈ ವರ್ಷಗಳಲ್ಲಿ ಎಲೆಕ್ಟ್ರಿಕ್ ವಾಹನಗಳು ಬೀದಿ ತುಂಬಿವೆ. ಅನೇಕ ಎಲೆಕ್ಟ್ರಿಕ್ ಕಾರುಗಳ ಮೋಟಾರಿನಲ್ಲಿ ಶಾಶ್ವತ ಅಯಸ್ಕಾಂತ ಇರುತ್ತದೆ, ಚಕ್ರಕ್ಕೂ ಮೋಟಾರಿಗೂ ನಡುವೆ ಕ್ಲಚ್ ಇರುವುದಿಲ್ಲ. ಆ ಚಕ್ರಗಳನ್ನು ನೆಲದ ಮೇಲೆ ಉರುಳಿಸಿಕೊಂಡು ಎಳೆದರೆ ಮೋಟಾರು ಜನರೇಟರ್ ಆಗಿ ವಿದ್ಯುತ್ ಹುಟ್ಟಿಸತೊಡಗುತ್ತದೆ. ಇನ್ವರ್ಟರ್ ಬಿಸಿಯಾಗಿ ಕೆಡಬಹುದು. ಅದಕ್ಕೇ ತಯಾರಕರ ಕೈಪಿಡಿಗಳು ಇಂಥ ಕಾರನ್ನು ಪೂರ್ತಿಯಾಗಿ ಎತ್ತಿ, ಚಪ್ಪಟೆ ಹಾಸಿನ ಟ್ರಕ್ಕಿನ ಮೇಲೆ ಸಾಗಿಸಿ ಎನ್ನುತ್ತವೆ. ಆಟೊಮ್ಯಾಟಿಕ್ ಗೇರ್‌ಬಾಕ್ಸಿನ ಪೆಟ್ರೋಲ್ ಕಾರುಗಳಿಗೂ ಬಹುತೇಕ ಇದೇ ಮಾತು: ಇಂಜಿನ್ ಆಫ್ ಆಗಿದ್ದರೆ ಗೇರ್‌ಬಾಕ್ಸಿನ ಎಣ್ಣೆ ಪಂಪೂ ನಿಂತಿರುತ್ತದೆ, ಒಳಗಿನ ಭಾಗಗಳು ಒಣಗಿ ಉಜ್ಜುತ್ತವೆ. ಒಂದು ತುದಿಗೆ ಕೊಕ್ಕೆ ಹಾಕಿ ಎಳೆಯುವ ಹಳೆಯ ಗಾಡಿಗಳನ್ನೇ ಮತ್ತೆ ರಸ್ತೆಗಿಳಿಸಿದರೆ, ಎರಡು ಸಾವಿರದ ತಪ್ಪಿಗೆ ಲಕ್ಷದ ರಿಪೇರಿ ಬಂದು, ಅದನ್ನು ಕಟ್ಟುವವರು ಯಾರೆಂಬ ಜಗಳ ಗ್ರಾಹಕ ನ್ಯಾಯಾಲಯದ ಮೆಟ್ಟಿಲು ಹತ್ತುತ್ತದೆ.

ಮದ್ದು ಗೊತ್ತಿಲ್ಲದ ರೋಗ ಇದಲ್ಲ. ಗುತ್ತಿಗೆದಾರನಿಗೆ ಎತ್ತಿದ ವಾಹನದ ಲೆಕ್ಕ ಬೇಡ, ಪಾಳಿಯ ಲೆಕ್ಕದಲ್ಲಿ ಕೊಡಲಿ. ಯಾವ ರಸ್ತೆಗೆ ಹೋಗಬೇಕೆಂಬುದನ್ನು ದಟ್ಟಣೆ ನೋಡಿ ಸಂಚಾರ ಪೊಲೀಸ್ ನಿಯಂತ್ರಣ ಕೊಠಡಿ ಹೇಳಲಿ. ಕೆಟ್ಟು ನಿಂತ ಬಸ್ಸು, ಲಾರಿ ತೆರವಿಗೆ ಸಮಯದ ಮಿತಿ ಇರಲಿ, ಮೀರಿದರೆ ಕಡಿತವಾಗಲಿ. ಎತ್ತುವ ಮೊದಲಿನ ಫೋಟೊ ಮಾಲೀಕನಿಗೂ ಸಿಗಲಿ. ಇಲಾಖೆಯೇ ತನ್ನ ಗಾಡಿ, ತನ್ನ ಸಿಬ್ಬಂದಿ ಇಟ್ಟುಕೊಂಡು ಮಾಡಿದರೂ ಸರಿ, ದಿನಕ್ಕಿಷ್ಟು ಗಾಡಿ ಎತ್ತಬೇಕೆಂಬ ಗುರಿಯನ್ನು ಮಾತ್ರ ಯಾರಿಗೂ ಕೊಡಬಾರದು. ಗುರಿ ಕೊಟ್ಟರೆ ಸರ್ಕಾರಿ ನೌಕರನೂ ಗುತ್ತಿಗೆದಾರನಂತೆಯೇ ಹಗುರ ಸ್ಕೂಟರ್ ಹುಡುಕಿಕೊಂಡು ಹೋಗುತ್ತಾನೆ.

ಟೋಯಿಂಗ್ ಟೆಂಡರ್ ಪ್ರಕಟವಾದ ದಿನ ನಾಗರಿಕ ಸಂಘಟನೆಗಳು ಮೊದಲು ಪಾವತಿಯ ಪುಟವನ್ನು ತೆಗೆದು ನೋಡಬೇಕು. ಅಲ್ಲಿ ‘ಪ್ರತಿ ವಾಹನಕ್ಕೆ’ ಎಂದು ಬರೆದಿದ್ದರೆ, ಬಿಡ್ ಸಲ್ಲಿಸುವ ಗಡುವು ಮುಗಿಯುವುದಕ್ಕೆ ಮೊದಲೇ ಲಿಖಿತ ಆಕ್ಷೇಪಣೆ ಕೊಡಿ.